ವಿಂಡೋಸ್ 11 ಒಪ್ಪದ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 22: ಕನ್ನಡ ಬರೆಯುವವರಿಗಾಗಿ ಒಂದು ವಿಮರ್ಶೆ

ವಿಂಡೋಸ್ 10ಕ್ಕೆ ಬರುತ್ತಿದ್ದ ಉಚಿತ ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ರಂದು ನಿಂತವು. ಅಂದಿನಿಂದ ಧಾರವಾಡದ ನಮ್ಮ ಡಿಟಿಪಿ ಅಂಗಡಿಗೆ ಲಗ್ನಪತ್ರಿಕೆ ಮಾಡಿಸಲು ಬಂದವರೂ ಪ್ರಬಂಧ ಟೈಪ್ ಮಾಡಿಸಲು ಬಂದ ವಿದ್ಯಾರ್ಥಿಗಳೂ ಮನೆಯಲ್ಲಿರುವ ಹಳೆಯ ಕಂಪ್ಯೂಟರನ್ನು ಇನ್ನೇನು ಮಾಡಬೇಕೆಂದು ಕೇಳುತ್ತಿದ್ದಾರೆ. ಕೀಲಿಮಣೆ, ಪರದೆ ಎಲ್ಲ ಸರಿಯಿದ್ದು, ಒತ್ತಿದರೆ ಶುರುವಾಗುವ ಯಂತ್ರವನ್ನು ಹೊಸ ವಿಂಡೋಸ್ ಹಿಡಿಸುವುದಿಲ್ಲವೆಂಬ ಒಂದೇ ಕಾರಣಕ್ಕೆ ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಗದಗ-ಬೆಟಗೇರಿಯಲ್ಲಿರುವ ನಮ್ಮ ಕಾಕಾ ಅವರ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಕೊಟ್ಟು, ಅವರು ಅದನ್ನು ದಿನನಿತ್ಯ ಬಳಸುವುದನ್ನು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವುದು ಸುಲಭ, ಹಾಕಿದ ಮೇಲೆ ಅದು ಚೆನ್ನಾಗಿಯೂ ನಡೆಯುತ್ತದೆ. ಕನ್ನಡದಲ್ಲಿ ಬರೆಯುತ್ತ ಬಂದವರಿಗೆ ನಿಜವಾದ ಕೆಲಸವಿರುವುದು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದಿಟ್ಟ ಹಳೆಯ ಫೈಲುಗಳನ್ನು ಈ ಕಡೆಗೆ ದಾಟಿಸುವುದರಲ್ಲಿ.

ಕಾಕಾ ನಿವೃತ್ತ ಹೈಸ್ಕೂಲ್ ಮಾಸ್ತರರು. ಅವರ ಲ್ಯಾಪ್‌ಟಾಪ್ 2013ರಲ್ಲಿ ಕೊಂಡದ್ದು. ಇಂಟೆಲ್ ಕಂಪನಿಯ ಮೂರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿಯ ತಿರುಗುವ ಹಾರ್ಡ್‌ಡಿಸ್ಕ್. ವಿಂಡೋಸ್ 10 ಅದರಲ್ಲಿ ಹೇಗೋ ನಡೆಯುತ್ತಿತ್ತು. ಬೆಳಿಗ್ಗೆ ಬಟನ್ ಒತ್ತಿ ಚಹಾ ಕುಡಿದು ಬರುವ ಹೊತ್ತಿಗೆ ಡೆಸ್ಕ್‌ಟಾಪ್ ಕಾಣಿಸುತ್ತಿತ್ತು, ಹಿನ್ನೆಲೆಯಲ್ಲಿ ಅಪ್‌ಡೇಟ್ ಇಳಿಯತೊಡಗಿದರೆ ಮೌಸ್ ಕೂಡ ತಡವರಿಸುತ್ತಿತ್ತು. ಊರಿನ ಒಂದು ಅಂಗಡಿಗೆ ತೋರಿಸಿದಾಗ ಅವರಿಗೆ ಸಿಕ್ಕ ಉತ್ತರ, “ಇದು ಮುಗೀತ್ರಿ ಸರ, ಇದಕ್ಕ ಹನ್ನೊಂದು ಕೂಡೂದಿಲ್ಲ, ಹೊಸಾದ ತಗೊಂಡಬಿಡ್ರಿ” ಎಂಬುದು. ಅವರು ನನಗೆ ಫೋನ್ ಮಾಡಿ ಕೇಳಿದ್ದು ಬೇರೆಯೇ ಪ್ರಶ್ನೆ: “ತಮ್ಮಾ, ಹೊಸಾದು ತಗೊಳ್ಳೋದು ಹಂಗಿರಲಿ, ನನ್ನ ಬರಹ ಎಲ್ಲಾ ಇದರಾಗ ಅದಾವ. ಅವು ಅದರಾಗ ತೆರೀತಾವೇನು?” ಯಾವ ಆಪರೇಟಿಂಗ್ ಸಿಸ್ಟಮನ್ನು ಆರಿಸಿಕೊಳ್ಳುವಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನಾನು ನಂಬುತ್ತೇನೆ.

ಹನ್ನೊಂದು ಏಕೆ ಕೂಡುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಅಂಗಡಿಯವರ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದು ಗೊತ್ತಾಗುತ್ತದೆ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ತನ್ನ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೋ ಅದೇ ಕೆಲಸ ಮಾಡುವ ಫರ್ಮ್‌ವೇರನ್ನೋ ಕೇಳುತ್ತದೆ. ನಂಬಿಕೆಯ ತಂತ್ರಾಂಶದಿಂದಷ್ಟೇ ಯಂತ್ರ ಶುರುವಾಗುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್ ಸೌಲಭ್ಯವನ್ನು ಕೇಳುತ್ತದೆ. ಇಂಟೆಲ್ ಪ್ರೊಸೆಸರಾದರೆ, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟು, ಎಂಟನೇ ತಲೆಮಾರಿನದೋ ಅದಕ್ಕಿಂತ ಈಚಿನದೋ ಆಗಿರಬೇಕು. ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ, ಟಿಪಿಎಂ 2.0ರ ಮಾನದಂಡ ಪ್ರಕಟವಾದದ್ದು 2014ರಲ್ಲಿ. 2013ರಲ್ಲಿ ಕೊಂಡ ಯಂತ್ರದಲ್ಲಿ ಇವೆರಡೂ ಇರಲು ಸಾಧ್ಯವೇ ಇಲ್ಲ. ಹಾಗೆಂದು ಆ ಯಂತ್ರಕ್ಕೆ ಲೆಕ್ಕ ಮಾಡುವ ಶಕ್ತಿ ಇಲ್ಲವೆಂದು ಅರ್ಥವಲ್ಲ. ಅದು ತನ್ನ ಸುರಕ್ಷತಾ ಷರತ್ತುಗಳಿಗೆ ಹೊಂದುವುದಿಲ್ಲವೆಂದಷ್ಟೇ ಕಂಪನಿ ಹೇಳುತ್ತಿದೆ.

ಈ ತಪಾಸಣೆಗಳನ್ನು ದಾಟಿಸುವ ಉಪಾಯವೂ ಉಂಟು. ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್ ತಯಾರಿಸುವಾಗ ಟಿಪಿಎಂ, ಸೆಕ್ಯೂರ್ ಬೂಟ್, ರ‍್ಯಾಮ್ ಇವುಗಳ ತಪಾಸಣೆ ಬೇಡವೆಂದು ಗುರುತು ಹಾಕಿದರೆ ವಿಂಡೋಸ್ 11 ಇಂಥ ಲ್ಯಾಪ್‌ಟಾಪಿನಲ್ಲೂ ಕೂರುತ್ತದೆ. ಬಹಳ ಹಳೆಯ ಕೋರ್ 2 ಡ್ಯುಯೊ ಯಂತ್ರಗಳಲ್ಲಿ ಮಾತ್ರ ಇದು ಸಾಗುವುದಿಲ್ಲ; ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರಿಗೆ ಗೊತ್ತಿರಲೇಬೇಕಾದ ಕೆಲವು ಆಜ್ಞೆಗಳು ಅವುಗಳಲ್ಲಿ ಇಲ್ಲವಾದ್ದರಿಂದ ಅವು ಬೂಟ್ ಕೂಡ ಆಗುವುದಿಲ್ಲ. ಕಾಕಾ ಅವರ ಯಂತ್ರಕ್ಕೆ ಈ ಹಾದಿಯನ್ನು ನಾನು ಬೇಡವೆಂದೆ. ಅನರ್ಹ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲವೆಂದು ಮೈಕ್ರೊಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತಿಂಗಳ ಅಪ್‌ಡೇಟ್‌ಗಳು ಈಗ ಬರುತ್ತಿದ್ದರೂ ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಇಂಥ ಯಂತ್ರಗಳಿಗೆ ತಾನಾಗಿ ಇಳಿಯುವುದಿಲ್ಲ; ಪ್ರತಿ ಸಲವೂ ಯಾರಾದರೂ ಕೂತು ಅದೇ ಉಪಾಯ ಮಾಡಬೇಕು. ನಾನು ಧಾರವಾಡದಲ್ಲಿ, ಅವರು ಗದಗದಲ್ಲಿ. ಒಬ್ಬರ ಮೇಲೆ ಹೀಗೆ ಸದಾ ಅವಲಂಬಿತವಾಗಿರುವ ಕಂಪ್ಯೂಟರನ್ನು ವಯಸ್ಸಾದವರ ಕೈಗೆ ಕೊಡುವುದು ಸರಿಯಲ್ಲ. ಮೇಲಾಗಿ 4 ಜಿಬಿ ರ‍್ಯಾಮಿನಲ್ಲಿ ಹನ್ನೊಂದು ನಡೆಯುತ್ತದೆಯೇ ಹೊರತು ಓಡುವುದಿಲ್ಲ.

ವಿಂಡೋಸ್ 10ರಲ್ಲೇ ಇನ್ನೊಂದು ವರ್ಷ ಉಳಿಯುವ ಅವಕಾಶವನ್ನೂ ಕಂಪನಿ ಕೊಟ್ಟಿದೆ. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ಇದು ಯೋಚಿಸಲು ಸಮಯ ಕೊಡುತ್ತದೆ, ಪರಿಹಾರ ಕೊಡುವುದಿಲ್ಲ.

ಲಿನಕ್ಸ್ ಮಿಂಟ್ 2006ರಿಂದ ನಡೆದುಕೊಂಡು ಬಂದಿರುವ ಉಚಿತ, ಮುಕ್ತ ಆಪರೇಟಿಂಗ್ ಸಿಸ್ಟಮ್. ಉಬುಂಟು 24.04ರ ತಳಹದಿಯ ಮೇಲೆ ಕಟ್ಟಿದ ಅದರ 22ನೇ ಸರಣಿ 2024ರ ಜುಲೈನಲ್ಲಿ ಹೊರಬಂತು. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ಡೆಸ್ಕ್‌ಟಾಪುಗಳಲ್ಲಿ ಅದು ಸಿಗುತ್ತದೆ. ಸಿನಮನ್ ನೋಡಲು ಅಂದವಾಗಿದ್ದರೂ 4 ಜಿಬಿಯ ಯಂತ್ರಕ್ಕೆ ನಾನು ಎಕ್ಸ್‌ಎಫ್‌ಸಿಇಯನ್ನೇ ಹೇಳುತ್ತೇನೆ. ಎಡಗಡೆ ಕೆಳಮೂಲೆಯಲ್ಲಿ ಮೆನು, ಕೆಳಗೆ ಪಟ್ಟಿ, ಬಲಗಡೆ ಗಡಿಯಾರ. ವಿಂಡೋಸ್ 7ರಲ್ಲಿ ಕೈ ಪಳಗಿದವರು ಇಲ್ಲಿ ಕಂಗೆಡುವುದಿಲ್ಲ. ಡೆಸ್ಕ್‌ಟಾಪ್ ತೆರೆದು ಸುಮ್ಮನೆ ಬಿಟ್ಟಾಗ ಅದು ಬಳಸುವ ರ‍್ಯಾಮ್ ಒಂದು ಜಿಬಿಯ ಆಸುಪಾಸು. ಒಂದು ಎಚ್ಚರಿಕೆ: ಮಿಂಟ್ 22 ನಡೆಯುವುದು 64 ಬಿಟ್ ಪ್ರೊಸೆಸರಿನಲ್ಲಿ ಮಾತ್ರ. 32 ಬಿಟ್ ಮಾತ್ರ ಗೊತ್ತಿರುವ ತೀರ ಹಳೆಯ ಯಂತ್ರಗಳಿಗೆ ಇದು ಉತ್ತರವಲ್ಲ.

ಸಿಸ್ಟಮ್ ಹಾಕುವ ಮೊದಲು ಹಾರ್ಡ್‌ಡಿಸ್ಕ್ ತೆಗೆದು, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿದೆವು. ಹಳೆಯ ಲ್ಯಾಪ್‌ಟಾಪಿಗೆ ಹಾಕಬಹುದಾದ ದುಡ್ಡಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಮತ್ತೊಂದಿಲ್ಲ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಆ ಕಾಲದ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಹಾರ್ಡ್‌ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. ಹಿಂಬದಿಯ ಮುಚ್ಚಳದ ತಿರುಪು ಬಿಚ್ಚಿ, ಹಳೆಯದನ್ನು ಪಕ್ಕಕ್ಕೆ ಸರಿಸಿ ತೆಗೆದು, ಅದರ ಕಬ್ಬಿಣದ ಚೌಕಟ್ಟಿಗೇ ಹೊಸದನ್ನು ಬಿಗಿದು ತಳ್ಳಿದರೆ ಆಯಿತು. ನಮಗೆ ಹುಬ್ಬಳ್ಳಿಯಲ್ಲಿ 240 ಜಿಬಿಯದು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತು, ದರ ಏರಿಳಿಯುತ್ತಿರುತ್ತದೆ. ರ‍್ಯಾಮ್ ಹೆಚ್ಚಿಸುವುದಾದರೆ ಮೂರನೇ ತಲೆಮಾರಿನ ಯಂತ್ರಕ್ಕೆ ಡಿಡಿಆರ್3 ಬೇಕು. ಡಿಡಿಆರ್4 ಆ ಸ್ಲಾಟಿನಲ್ಲಿ ಕೂರುವುದಿಲ್ಲ. ನಾವು ಇನ್ನೊಂದು 4 ಜಿಬಿಯ ಹಳೆಯ ಪಟ್ಟಿಯನ್ನು ಸೇರಿಸಿದೆವು. ಬರವಣಿಗೆಗಷ್ಟೇ ಆದರೆ ಅದು ಬೇಕಾಗಿರಲಿಲ್ಲ, ಬ್ರೌಸರಿನಲ್ಲಿ ಹತ್ತು ಪುಟ ತೆರೆದಿಡುವವರಿಗೆ ಬೇಕು.

ತೆಗೆದ ಹಾರ್ಡ್‌ಡಿಸ್ಕನ್ನು ಹಾಗೆಯೇ ಎತ್ತಿಟ್ಟದ್ದು ನಮ್ಮ ಕೆಲಸವನ್ನು ಬಹಳ ನಿರಾಳಗೊಳಿಸಿತು. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿದರೆ ಹೊರಗಿನ ಡಿಸ್ಕ್ ಆಯಿತು. ಕಾಕಾ ಅವರ ಹಳೆಯ ವಿಂಡೋಸ್ ಮತ್ತು ಡಿ ಡ್ರೈವಿನಲ್ಲಿದ್ದ ಅಷ್ಟೂ ಬರಹ ಮುಟ್ಟದೆ ಉಳಿಯಿತು. ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಮಿಂಟ್ ಎರಡನ್ನೂ ಇಟ್ಟುಕೊಳ್ಳುವವರು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯವನ್ನು ಮೊದಲೇ ಬಂದ್ ಮಾಡಬೇಕು. ಅದು ಚಾಲೂ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರ್ಧನಿದ್ದೆಯಲ್ಲಿರುತ್ತದೆ, ಆ ಸ್ಥಿತಿಯ ಡ್ರೈವನ್ನು ಮಿಂಟ್ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ.

ಡೌನ್‌ಲೋಡ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಡೀ ಸಿಸ್ಟಮ್ ಅಡಗಿರುವ, ಸುಮಾರು 3 ಜಿಬಿಯ ಐಎಸ್‌ಓ ಫೈಲನ್ನು ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು ಮತ್ತು ಅಲ್ಲೇ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತದೊಂದಿಗೆ (ಫೈಲಿನ ಬೆರಳಚ್ಚಿನಂಥ ಗುರುತು) ತಾಳೆ ನೋಡಬೇಕು. 2016ರ ಫೆಬ್ರುವರಿಯಲ್ಲಿ ಆ ತಾಣಕ್ಕೇ ಕನ್ನ ಹಾಕಿದವರು ಡೌನ್‌ಲೋಡ್ ಕೊಂಡಿಯನ್ನು ಬದಲಿಸಿ, ಹಿಂಬಾಗಿಲು ಅಡಗಿಸಿದ ನಕಲಿ ಐಎಸ್‌ಓ ಕಡೆಗೆ ಜನರನ್ನು ಕಳಿಸಿದ್ದರು. ಮಿಂಟ್ ತಂಡ ಬೇಗ ಕಂಡುಹಿಡಿದು ತಾನೇ ಬಹಿರಂಗಪಡಿಸಿತು. ಸುರಕ್ಷತೆಗಾಗಿ ಸಿಸ್ಟಮ್ ಬದಲಿಸಲು ಹೊರಟವರು ಎರಡು ನಿಮಿಷದ ಈ ತಾಳೆಯನ್ನು ಬಿಡಬಾರದು. ಪರಿಚಯದವರ ಪೆನ್‌ಡ್ರೈವಿನಲ್ಲಿದೆ ಎಂದು ಯಾವುದೋ ಕಾಲದ ಐಎಸ್‌ಓ ಹಾಕಿಸಿಕೊಳ್ಳುವುದೂ ಬೇಡ.

ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗ ಮಿಂಟ್ ನೇರವಾಗಿ ಡಿಸ್ಕಿಗೆ ಕೈ ಹಾಕುವುದಿಲ್ಲ. ಪೂರ್ತಿ ಡೆಸ್ಕ್‌ಟಾಪ್ ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿಗಳು ಕೆಲಸ ಮಾಡುತ್ತವೆಯೇ, ವೆಬ್‌ಕ್ಯಾಮ್ ಮತ್ತು ಪ್ರಿಂಟರ್ ಸಿಗುತ್ತವೆಯೇ ಎಂಬುದನ್ನೆಲ್ಲ ಆಗಲೇ ನೋಡಿಕೊಳ್ಳಬಹುದು. ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹೊಂದುವುದೋ ಇಲ್ಲವೋ ಎಂಬ ಅನುಮಾನವನ್ನು ಏನನ್ನೂ ಕಳೆದುಕೊಳ್ಳದೆ ಬಗೆಹರಿಸಿಕೊಳ್ಳಲು ಇದು ಅವಕಾಶ ಕೊಡುತ್ತದೆ. ನಮ್ಮ ಯಂತ್ರದಲ್ಲಿ ವೈಫೈ ಮೊದಲಿಗೆ ಕಾಣಲಿಲ್ಲ. ಆ ಕಾಲದ ಕೆಲವು ವೈಫೈ ಕಾರ್ಡುಗಳಿಗೆ ಬೇಕಾದ ಡ್ರೈವರ್, ಎಂದರೆ ಅವುಗಳನ್ನು ನಡೆಸುವ ತಂತ್ರಾಂಶ, ಮುಕ್ತ ಪರವಾನಗಿಯದಲ್ಲವಾದ್ದರಿಂದ ಅದನ್ನು ಬೇರೆಯಾಗಿ ಹಾಕಬೇಕಾಗುತ್ತದೆ. ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ, ಟೆದರಿಂಗ್ ಚಾಲೂ ಮಾಡಿ ಇಂಟರ್ನೆಟ್ ಕೊಟ್ಟು ಡ್ರೈವರ್ ಮ್ಯಾನೇಜರನ್ನು ತೆರೆದರೆ ಬೇಕಾದ ಡ್ರೈವರನ್ನು ಅದೇ ತೋರಿಸುತ್ತದೆ. ಇದನ್ನು ತಿಳಿಯದವರು ವೈಫೈ ಬರಲಿಲ್ಲವೆಂದು ಲಿನಕ್ಸನ್ನೇ ಕೈಬಿಟ್ಟ ಉದಾಹರಣೆಗಳನ್ನು ನೋಡಿದ್ದೇನೆ. ಉಳಿದ ಹಂತಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ: ಭಾಷೆ, ಕೀಲಿಮಣೆ, ಡಿಸ್ಕ್, ಊರು, ಹೆಸರು, ಪಾಸ್‌ವರ್ಡ್; ಇಷ್ಟಕ್ಕೆ ಉತ್ತರಿಸಿದರೆ ಎಸ್‌ಎಸ್‌ಡಿಯ ಮೇಲೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಈಗ ಅದೇ ಲ್ಯಾಪ್‌ಟಾಪ್ ಅರ್ಧ ನಿಮಿಷದಲ್ಲಿ ಬರೆಯಲು ಸಿದ್ಧವಾಗುತ್ತದೆ.

ಇನ್ನು ಕನ್ನಡದ ವಿಷಯ. ಓದುವುದಕ್ಕೆ ತೊಂದರೆಯೇ ಇಲ್ಲ; ಫೈರ್‌ಫಾಕ್ಸ್ ತೆರೆದ ಕೂಡಲೇ ಪತ್ರಿಕೆಗಳ ತಾಣಗಳು ಒತ್ತಕ್ಷರ ಒಡೆಯದೆ ಕಾಣುತ್ತವೆ. ತಂತ್ರಾಂಶ ಭಂಡಾರದಲ್ಲಿ ಕನ್ನಡ ಫಾಂಟುಗಳ ಕಟ್ಟು ಸಿಗುತ್ತದೆ. ಅದನ್ನು ಹಾಕಿಕೊಂಡರೆ ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಬರುತ್ತವೆ. ಇವುಗಳಲ್ಲಿ ಗುಬ್ಬಿ ಅಚ್ಚಿಗೆ ಒಪ್ಪುವ ದುಂಡು ಅಕ್ಷರ, ನವಿಲು ಕೈಬರಹದ ಶೈಲಿಯದು. ಬರೆಯುವುದಕ್ಕೆ ಬೇರೆ ಬೇರೆ ಭಾಷೆಯ ಕೀಲಿಮಣೆಗಳನ್ನು ಒದಗಿಸುವ ಐಬಸ್ ಎಂಬ ತಂತ್ರಾಂಶ ಮತ್ತು ಅದರ ಎಂ17ಎನ್ ಕಟ್ಟನ್ನು ಹಾಕಿಕೊಂಡು, ಪಟ್ಟಿಯಿಂದ ಕನ್ನಡ ಕೆಜಿಪಿ ಎಂಬುದನ್ನು ಆರಿಸಿಕೊಳ್ಳಬೇಕು. ಇದು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ಕನ್ನಡ ಗಣಕ ಪರಿಷತ್ತಿನ ನುಡಿಯ ಮೂಲಕ ನಮ್ಮೆಲ್ಲರ ಬೆರಳಿಗೆ ಬಂದ ಕೀಲಿಮಣೆಯೇ. ಎಫ್ ಒತ್ತಿದರೆ ಒತ್ತಕ್ಷರ, ಶಿಫ್ಟ್ ಹಿಡಿದರೆ ಮಹಾಪ್ರಾಣ. ಕಾಕಾ ಮೊದಲ ಸಾಲನ್ನೇ ತಡೆಯಿಲ್ಲದೆ ಟೈಪ್ ಮಾಡಿದರು. ಇಂಗ್ಲಿಷ್ ಅಕ್ಷರಗಳ ಉಚ್ಚಾರದಂತೆ ಬರೆದು ರೂಢಿಯಿರುವವರಿಗೆ ಐಟ್ರಾನ್ಸ್ ಉಂಟು, ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಉಂಟು. ಆದರೆ ಈ ಕಟ್ಟು ಮೊದಲೇ ಸಿದ್ಧವಾಗಿ ಬರುವುದಿಲ್ಲ, ಹಾಕಿದ ಮೇಲೆ ಒಮ್ಮೆ ಲಾಗೌಟ್ ಆಗಿ ಬರಬೇಕು, ಕೀಲಿಮಣೆ ಬದಲಿಸುವ ಗುಂಡಿ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಕನ್ನಡವನ್ನು ಭಾಷೆಯಾಗಿ ಆರಿಸಿಕೊಂಡ ಕೂಡಲೇ ಇದೆಲ್ಲ ತಾನಾಗಿ ಆಗುವಂತೆ ಮಾಡಿದ್ದರೆ ಎಷ್ಟೋ ಜನರಿಗೆ ಉಪಕಾರವಾಗುತ್ತಿತ್ತು. ಮೆನುಗಳನ್ನು ಕನ್ನಡಕ್ಕೆ ಬದಲಿಸಿ ನೋಡಿದೆ. ಅಲ್ಲಲ್ಲಿ ಕನ್ನಡ, ಅಲ್ಲಲ್ಲಿ ಇಂಗ್ಲಿಷ್ ಉಳಿದು ಓದುವವರಿಗೆ ಗೊಂದಲವಾಗುತ್ತದೆ. ಅನುವಾದಕ್ಕೆ ಕೈಜೋಡಿಸಬಲ್ಲವರು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟು ಇದ್ದಾರೆ, ಅವರು ಮನಸ್ಸು ಮಾಡಬೇಕು.

ನುಡಿ ಫೈಲುಗಳ ಮಾತಿಗೆ ಬರುತ್ತೇನೆ. ಕಾಕಾ ಅವರು ಗದಗ ಸುತ್ತಲಿನ ಊರುಗಳ ಬಗ್ಗೆ ಬರೆದ ಲೇಖನಗಳು, ಲಕ್ಕುಂಡಿಯ ದೇವಾಲಯಗಳ ಟಿಪ್ಪಣಿ, 1905ರಲ್ಲಿ ಕಣಗಿನಹಾಳದಲ್ಲಿ ಶುರುವಾದ ಸಹಕಾರ ಸಂಘದ ಇತಿಹಾಸ, ಮದುವೆ-ಮುಂಜಿಯ ಆಹ್ವಾನ, ಶಾಲೆಯ ವರದಿ ಎಲ್ಲವೂ ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ವರ್ಡ್ ಫೈಲುಗಳಾಗಿ ಇದ್ದವು. ಮಿಂಟ್‌ನ ಲಿಬ್ರೆ ಆಫೀಸಿನಲ್ಲಿ ಅವುಗಳನ್ನು ತೆರೆದರೆ ತಲೆಯ ಮೇಲೆ ಚುಕ್ಕಿ, ಗೆರೆ, ಟೋಪಿ ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲುಗಳು ಕಾಣುತ್ತವೆ. ಫೈಲು ಕೆಟ್ಟಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವು ಮೊದಲಿನಿಂದಲೂ ಲ್ಯಾಟಿನ್ ಅಕ್ಷರಗಳೇ. ಆ ಸ್ಥಾನಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದ ಫಾಂಟು ಈ ಯಂತ್ರದಲ್ಲಿ ಇಲ್ಲದ್ದರಿಂದ ಹೀಗೆ ಕಾಣುತ್ತವೆ. ಹಳೆಯ ಡಿಸ್ಕಿನ ವಿಂಡೋಸ್ ಫಾಂಟ್ ಕಡತಕೋಶದಿಂದ ನುಡಿಯ ಟಿಟಿಎಫ್ ಫೈಲುಗಳನ್ನು ತಂದು ಮಿಂಟ್‌ನ ಫಾಂಟ್ ಕೋಶಕ್ಕೆ ಹಾಕಿ ಲಿಬ್ರೆ ಆಫೀಸನ್ನು ಮತ್ತೆ ತೆರೆದರೆ ಲೇಖನ ಮೊದಲಿನಂತೆ ಕನ್ನಡದಲ್ಲಿ ನಿಲ್ಲುತ್ತದೆ. ಓದಲು, ಮುದ್ರಿಸಲು, ಪಿಡಿಎಫ್ ಮಾಡಿ ಕಳಿಸಲು ಇಷ್ಟು ಸಾಕು.

ತಿದ್ದಲು ಇಷ್ಟು ಸಾಲದು. ಐಬಸ್ ಬರೆಯುವುದು ಯೂನಿಕೋಡ್ ಕನ್ನಡವನ್ನು, ಎಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ, ಎಲ್ಲ ಯಂತ್ರಗಳಿಗೂ ಗೊತ್ತಿರುವ ಕ್ರಮವನ್ನು. ಹಳೆಯ ಫೈಲಿನ ನಡುವೆ ಹೊಸ ಸಾಲು ಸೇರಿಸಿದರೆ ಒಂದೇ ಪುಟದಲ್ಲಿ ಎರಡು ಬಗೆಯ ಕನ್ನಡ ಬೆರೆತು ಹೋಗುತ್ತದೆ, ಹುಡುಕಿದರೆ ಒಂದು ಸಿಗುತ್ತದೆ ಇನ್ನೊಂದು ಸಿಗುವುದಿಲ್ಲ. ಆದ್ದರಿಂದ ಉಳಿಸಿಕೊಂಡು ಮುಂದುವರಿಸಬೇಕಾದ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ, ಲಿನಕ್ಸಿನಲ್ಲಿ ನಡೆಯುವ ಮುಕ್ತ ಪರಿವರ್ತಕಗಳೂ ಇವೆ. ಆದರೆ ಯಾವ ಪರಿವರ್ತಕವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಆಸ್ಕಿ ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಎಂದರೆ ಅಕ್ಷರದ ನಂತರ ದಾಖಲಾಗಿರುತ್ತದೆ. ಯೂನಿಕೋಡಿನಲ್ಲಿ ರಕಾರ ಉಚ್ಚಾರದ ಕ್ರಮದಂತೆ ಮೊದಲು ಬರಬೇಕು. ಕ, ನಾ, ಅರ್ಕಾವತ್ತು, ಟ, ಕ ಎಂದಿದ್ದದ್ದನ್ನು ಪರಿವರ್ತಕ ಹಿಂದುಮುಂದು ಮಾಡಿ ಜೋಡಿಸಬೇಕು. ಅಲ್ಲಿ ಎಡವಿದರೆ ಕರ್ನಾಟಕವು ‘ಕನಾರ್ಟಕ’ ಆಗುತ್ತದೆ, ಕಾರ್ಯದರ್ಶಿಯು ‘ಕಾಯರ್ದಶಿರ್’ ಆಗುತ್ತಾರೆ. ಸರ್ಕಾರಿ ಸುತ್ತೋಲೆಗಳಲ್ಲಿ, ಪತ್ರಿಕೆಗಳ ತಾಣಗಳಲ್ಲಿ ಈ ರೂಪಗಳನ್ನು ಕಂಡವರಿಗೆ ಅವು ಎಲ್ಲಿಂದ ಬಂದವು ಎಂಬುದು ಈಗ ತಿಳಿದಿರಬಹುದು. ಇನ್ನೊಂದು ಸೂಕ್ಷ್ಮವಿದೆ. ಹಳೆಯ ಫಾಂಟಿನಲ್ಲಿ ಮಕಾರಕ್ಕೆ ಸ್ವಂತ ಸ್ಥಾನವಿಲ್ಲ. ವಕಾರದ ಚಿತ್ರಕ್ಕೆ ಕೊಂಬಿನಂಥ ತುಣುಕೊಂದನ್ನು ಕೂಡಿಸಿ ಮ ಮಾಡಿರುತ್ತಾರೆ, ಅದರ ಪಕ್ಕದ ಇನ್ನೊಂದು ತುಣುಕು ಕೂಡಿದರೆ ವು ಆಗುತ್ತದೆ. ಪರಿವರ್ತಕ ಈ ತುಣುಕುಗಳ ಸಾಲುಗಳನ್ನು ಇಡಿಯಾಗಿ ಗುರುತಿಸದಿದ್ದರೆ ಮ, ವು ಎರಡೂ ಕೆಡುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ನಡುನಡುವೆ ಇಂಗ್ಲಿಷ್ ಇರುವ ಬರಹ. ಫೈಲನ್ನು ಬರಿಯ ಪಠ್ಯವಾಗಿ ತೆಗೆದು ಪರಿವರ್ತಕಕ್ಕೆ ಕೊಟ್ಟರೆ ಯಾವ ಅಕ್ಷರ ನುಡಿ ಫಾಂಟಿನದು, ಯಾವುದು ನಿಜವಾಗಿಯೂ ಇಂಗ್ಲಿಷಿನದು ಎಂಬ ಗುರುತು ಅಳಿದುಹೋಗುತ್ತದೆ. ಆಗ ಗ್ರಂಥಸೂಚಿಯ ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಫಾಂಟನ್ನು ನೋಡಿ ಪರಿವರ್ತಿಸುವ, ವರ್ಡ್ ಫೈಲನ್ನೇ ಒಳಗೆ ತೆಗೆದುಕೊಳ್ಳುವ ಪರಿವರ್ತಕ ಸಿಕ್ಕರೆ ಅದನ್ನೇ ಬಳಸಬೇಕು. ಸಿಗದಿದ್ದರೆ ಲಿಬ್ರೆ ಆಫೀಸಿನ ಹುಡುಕು-ಬದಲಿಸು ಸೌಲಭ್ಯದಲ್ಲಿ ಫಾಂಟಿನ ಹೆಸರು ಕೊಟ್ಟು ಇಂಗ್ಲಿಷ್ ಭಾಗಗಳನ್ನಷ್ಟೇ ಆರಿಸಿ ಬಣ್ಣ ಹಚ್ಚಿಟ್ಟುಕೊಂಡು, ಪರಿವರ್ತನೆಯಾದ ಮೇಲೆ ಆ ಜಾಗಗಳನ್ನು ಮೂಲದಿಂದ ಮತ್ತೆ ತುಂಬಬೇಕು. ನಾವು ಅನುಸರಿಸಿದ ಕ್ರಮ ಹೀಗಿತ್ತು. ಎಲ್ಲ ಮೂಲ ಫೈಲುಗಳನ್ನು ಬೇರೆ ಕೋಶದಲ್ಲಿ ಹಾಗೆಯೇ ಇಟ್ಟೆವು. ಪ್ರತಿಯೊಂದಕ್ಕೂ ಹಳೆಯ ಫಾಂಟಿನಲ್ಲೇ ಒಂದು ಪಿಡಿಎಫ್ ಮಾಡಿಕೊಂಡೆವು, ಮುಂದೆ ಎಂದಾದರೂ ಅನುಮಾನ ಬಂದರೆ ತಾಳೆ ನೋಡಲು ಅದೇ ಸಾಕ್ಷಿ. ಇನ್ನೂ ತಿದ್ದಿ ಬೆಳೆಸಬೇಕಾದ ಲೇಖನಗಳನ್ನು ಮಾತ್ರ ಪರಿವರ್ತಿಸಿ, ಪರದೆಯ ಎಡಕ್ಕೆ ಪಿಡಿಎಫ್, ಬಲಕ್ಕೆ ಹೊಸ ಫೈಲು ಇಟ್ಟುಕೊಂಡು ಕಾಕಾ ತಾವೇ ಕರಡು ತಿದ್ದಿದರು. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಕಣ್ಣು ಅದು, ಯಂತ್ರ ಬಿಟ್ಟ ತಪ್ಪು ಅವರಿಗೆ ಬೇಗ ಕಾಣುತ್ತಿತ್ತು. ಹೀಗೆ ದಾಟಿದ ಬರಹದಲ್ಲಿ ಈಗ ಒಂದು ಊರಿನ ಹೆಸರು ಕೊಟ್ಟು ಹುಡುಕಿದರೆ ಅದು ಬಂದ ಸಾಲು ನೇರವಾಗಿ ಸಿಗುತ್ತದೆ, ಫೋನಿಗೆ ಕಳಿಸಿದರೆ ಅಲ್ಲಿಯೂ ಕನ್ನಡವಾಗಿಯೇ ತೆರೆಯುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಇವೆರಡೂ ಆಗುತ್ತಿರಲಿಲ್ಲ. ಈ ಕೆಲಸವನ್ನು ಹೊಸ ವಿಂಡೋಸ್ ಲ್ಯಾಪ್‌ಟಾಪ್ ಕೊಂಡವರೂ ಒಂದಲ್ಲ ಒಂದು ದಿನ ಮಾಡಲೇಬೇಕು ಎಂಬುದನ್ನು ಮರೆಯಬಾರದು.

ಉಳಿದ ದಿನಬಳಕೆಯಲ್ಲಿ ದೂರು ಹೇಳುವಂಥದ್ದು ಕಡಿಮೆ. ಬ್ಯಾಂಕಿನ ತಾಣ, ಸೇವಾ ಸಿಂಧು, ವಾಟ್ಸಾಪ್ ವೆಬ್ ಎಲ್ಲವೂ ಬ್ರೌಸರಿನಲ್ಲಿ ನಡೆಯುತ್ತವೆ. ಯೂಟ್ಯೂಬ್ ವಿಡಿಯೊಗಳಲ್ಲಿ ಮಾತ್ರ ಯಂತ್ರದ ವಯಸ್ಸು ತಿಳಿಯುತ್ತದೆ. ಯೂಟ್ಯೂಬ್ ಈಗ ವಿಡಿಯೊಗಳನ್ನು ವಿಪಿ9, ಎವಿ1 ಎಂಬ ಹೊಸ ಕ್ರಮಗಳಲ್ಲಿ ಕಳಿಸುತ್ತದೆ. ಮೂರನೇ ತಲೆಮಾರಿನ ಚಿಪ್ಪಿನ ಗ್ರಾಫಿಕ್ಸ್ ಭಾಗಕ್ಕೆ ಎಚ್.264ರಂಥ ಹಳೆಯ ಕ್ರಮಗಳನ್ನು ಬಿಡಿಸುವುದಷ್ಟೇ ಗೊತ್ತು. ಹಾಗಾಗಿ ಹೊರೆಯೆಲ್ಲ ಪ್ರೊಸೆಸರಿನ ಮೇಲೆ ಬಿದ್ದು ಫ್ಯಾನು ಜೋರಾಗುತ್ತದೆ. ಎಚ್.264 ರೂಪವನ್ನೇ ಕೇಳಿ ತರಿಸುವ ಸಣ್ಣ ಆಡ್‌-ಆನ್ ಒಂದನ್ನು ಫೈರ್‌ಫಾಕ್ಸಿಗೆ ಸೇರಿಸಿ, ಗುಣಮಟ್ಟವನ್ನು 720ಕ್ಕೆ ಇಳಿಸಿದರೆ ಸಂಗೀತ ಕಛೇರಿಯನ್ನು ಸಮಾಧಾನದಿಂದ ಕೇಳಬಹುದು. ಹೆಸ್ಕಾಂ ಕರೆಂಟ್ ಹೋದಾಗಿನ ಮಾತು ಬೇರೆ. ಹಳೆಯ ಬ್ಯಾಟರಿಗೆ ಯಾವ ಆಪರೇಟಿಂಗ್ ಸಿಸ್ಟಮ್ ಕೂಡ ಜೀವ ತುಂಬಲಾರದು, ಅದನ್ನು ಬದಲಿಸಲೇಬೇಕು.

ಅಪ್‌ಡೇಟ್ ಮ್ಯಾನೇಜರ್ ಬಗ್ಗೆ ನನಗೆ ಹೆಚ್ಚಿನ ಗೌರವವಿದೆ. ಅದು ಬರೆಯುತ್ತ ಕೂತವರನ್ನು ಎಬ್ಬಿಸಿ ಯಂತ್ರವನ್ನು ರಿಸ್ಟಾರ್ಟ್ ಮಾಡುವುದಿಲ್ಲ. ಮೂಲೆಯಲ್ಲಿ ಗುರುತು ತೋರಿಸಿ ಕಾಯುತ್ತದೆ. ಟೈಮ್‌ಶಿಫ್ಟ್ ಎಂಬುದು ಸಿಸ್ಟಮಿನ ಪ್ರತಿಯನ್ನು ಆಗಾಗ ತೆಗೆದಿಡುತ್ತದೆ, ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ದಿನದ ಸ್ಥಿತಿಗೆ ಮರಳಬಹುದು. ಅದು ಕಾಯುವುದು ಸಿಸ್ಟಮನ್ನು. ಸ್ವಂತ ಬರಹದ ಬ್ಯಾಕಪ್ ಬೇರೆಯೇ ಮಾಡಿಕೊಳ್ಳಬೇಕು. ಕಾಕಾ ಅವರ ಬರಹ ವಾರಕ್ಕೊಮ್ಮೆ ಹಳೆಯ ಹಾರ್ಡ್‌ಡಿಸ್ಕಿಗೆ ಹೋಗುತ್ತದೆ.

ಯಾರಿಗೆ ಇದು ಒಪ್ಪುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲೋ ಅಮರಗೋಳದ ಎಪಿಎಂಸಿಯಲ್ಲೋ ಲೆಕ್ಕವೆಲ್ಲ ಟ್ಯಾಲಿಯಲ್ಲಿದ್ದರೆ ಮಿಂಟ್ ಬೇಡ. ಟ್ಯಾಲಿ ತಯಾರಾಗಿರುವುದು ವಿಂಡೋಸಿಗೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಹಾಕಿ ರಿಟರ್ನ್ ಸಲ್ಲಿಸುವವರೂ ಲಿನಕ್ಸಿನಲ್ಲಿ ಪರದಾಡಬೇಕಾಗುತ್ತದೆ. ನನ್ನ ಕಸುಬಿನವರಿಗೂ ಇದೇ ಮಾತು. ನಾವು ಪುಟ ಕಟ್ಟಲು ಬಳಸುವ ಕೋರಲ್‌ಡ್ರಾ, ಪೇಜ್‌ಮೇಕರ್ ಈಗ ಲಿನಕ್ಸಿಗೆ ಸಿಗುವುದಿಲ್ಲ. ಅವುಗಳ ಬದಲಿಗೆ ಸಿಗುವ ಸ್ಕ್ರೈಬಸ್, ಇಂಕ್‌ಸ್ಕೇಪ್ ಈಗ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆಯಾದರೂ ಪ್ರೆಸ್ಸಿನವರು ಕೋರಲ್ ಫೈಲನ್ನೇ ಕೇಳುವ ತನಕ ನಮ್ಮ ಅಂಗಡಿಯ ಮುಖ್ಯ ಯಂತ್ರದಲ್ಲಿ ವಿಂಡೋಸ್ ಇರಲೇಬೇಕು. ಪ್ರಿಂಟರ್ ವಿಷಯದಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ಎಷ್ಟೋ ಪ್ರಿಂಟರುಗಳು ಜೋಡಿಸಿದ ಕೂಡಲೇ ಸಿಗುತ್ತವೆ. ಆದರೆ ಝೆರಾಕ್ಸ್ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಸಣ್ಣ ಲೇಸರ್ ಪ್ರಿಂಟರುಗಳಲ್ಲಿ ಕೆಲವು ಕ್ಯಾಪ್ಟ್ ಎಂಬ ತಮ್ಮದೇ ಭಾಷೆಯಲ್ಲಿ ಮಾತ್ರ ವ್ಯವಹರಿಸುತ್ತವೆ, ಅವುಗಳಿಗೆ ಲಿನಕ್ಸಿನಲ್ಲಿ ಡ್ರೈವರ್ ಹೊಂದಿಸುವುದು ತಾಳ್ಮೆ ಕೇಳುವ ಕೆಲಸ. ಪೆನ್‌ಡ್ರೈವಿನಿಂದ ಬೂಟ್ ಮಾಡಿದಾಗಲೇ ಒಂದು ಪುಟ ಮುದ್ರಿಸಿ ನೋಡುವುದು ಒಳ್ಳೆಯದು.

ಖರ್ಚಿನ ಲೆಕ್ಕದಲ್ಲಿ ಎಸ್‌ಎಸ್‌ಡಿ, ಹಳೆಯ ರ‍್ಯಾಮ್, ಯುಎಸ್‌ಬಿ ಕೇಸು ಇಷ್ಟಕ್ಕೆ ಮಾತ್ರ ದುಡ್ಡು ಹೋಯಿತು; ಮಿಂಟ್‌ಗೆ ಪರವಾನಗಿ ಶುಲ್ಕವಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಕಂಪ್ಯೂಟರುಗಳಲ್ಲಿ ಇರುವುದು ಪರವಾನಗಿ ಇದೆಯೆಂದು ವಿಂಡೋಸನ್ನು ನಂಬಿಸುವ ಆಕ್ಟಿವೇಟರ್ ಹಾಕಿ ನಡೆಸುತ್ತಿರುವ ಕಳ್ಳಪ್ರತಿ. ಆ ಆಕ್ಟಿವೇಟರ್ ಕೆಲಸ ಮಾಡಲೆಂದು ಆಂಟಿವೈರಸ್ಸನ್ನು ಬಂದ್ ಮಾಡಿಟ್ಟಿರುತ್ತಾರೆ, ಅಂಥ ಯಂತ್ರದಲ್ಲೇ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯುತ್ತಾರೆ. ಸುರಕ್ಷತಾ ಅಪ್‌ಡೇಟೂ ನಿಂತ ಮೇಲೆ ಅದು ಇನ್ನಷ್ಟು ಅಪಾಯ. ಬರವಣಿಗೆ, ಓದು, ಬ್ಯಾಂಕು, ಪತ್ರವ್ಯವಹಾರ ಇಷ್ಟೇ ಕೆಲಸವಿರುವ ನಿವೃತ್ತರಿಗೆ, ಸಣ್ಣ ಗ್ರಂಥಾಲಯಗಳಿಗೆ, ಹಳ್ಳಿಯ ಶಾಲೆಗಳಿಗೆ ಮಿಂಟ್ 22 ಎಕ್ಸ್‌ಎಫ್‌ಸಿಇಯನ್ನು ಹಿಂಜರಿಯದೆ ಹೇಳುತ್ತೇನೆ, ಒಂದೇ ಷರತ್ತಿನ ಮೇಲೆ: ಹಾಕಿಕೊಡುವವರು ಕೆಜಿಪಿ ಕೀಲಿಮಣೆ ಮತ್ತು ಹಳೆಯ ನುಡಿ ಫಾಂಟುಗಳನ್ನು ಹೊಂದಿಸಿ, ಒಂದು ಹಳೆಯ ಫೈಲನ್ನು ತೆರೆದು ತೋರಿಸಿದ ಮೇಲೆಯೇ ಯಂತ್ರವನ್ನು ಒಪ್ಪಿಸಬೇಕು. ಈ ಸರಣಿಗೆ 2029ರ ಏಪ್ರಿಲ್ ವರೆಗೆ ಸುರಕ್ಷತಾ ಅಪ್‌ಡೇಟ್ ಬರುತ್ತದೆ.